ಈಶಣ್ಣನ ಬಸ್ಸಿನಲ್ಲಿ ಆಕ್ಸ್‌ಫರ್ಡ್

ಮೊದಲೇ ಹೇಳಿಬಿಡ್ತೀನಿ, ನನಗೆ ಕೋಪ ಮೂಗಿನ ತುದಿಯಲ್ಲೇ. ಮೈಸೂರಿನವರು ಮೃದು, ಮೈಸೂರಿನವರು ಮಲ್ಲಿಗೆ ಅಂತೆಲ್ಲ ಹೇಳ್ತಾರಲ್ಲ, ಅವರು ಈ ರಾಜಿಯನ್ನು ನೋಡಿಲ್ಲ. ಅಮೆರಿಕದ ಈ ಪಿಸ್ಕಾಟವೇಗೆ ಬಂದು ನಲವತ್ತು ವರ್ಷ ದಾಟಿತು, ನಮ್ಮ ಕಾಂಡೋ ಅಸೋಸಿಯೇಷನ್ನಿನ ಇಬ್ಬರು ಪ್ರೆಸಿಡೆಂಟರಿಗೆ ಕಣ್ಣೀರು ಹಾಕಿಸಿದ್ದೀನಿ. ಅಂಥವಳು ಈಗ ಒಬ್ಬ ಬಸ್ ಡ್ರೈವರ್ ಬಗ್ಗೆ ಬರೆಯೋಕೆ ಕೂತಿದ್ದೀನಿ. ಅವರ ವಿಷಯ ಬರೆದರೆ ನಾನು ಅವರಿಗೆ ಮಾಡಿದ್ದನ್ನೂ ಬರೀಬೇಕಾಗುತ್ತೆ. ಬರೀತೀನಿ.

ಹೆಸರು ಈಶಣ್ಣ. ಗದಗ-ಬೆಟಗೇರಿಯವರು. ಹುಬ್ಬಳ್ಳಿ ಡಿಪೋದಲ್ಲಿ ಹದಿನೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಹೆಂಡತಿ ಚನ್ನಬಸಮ್ಮನ ಅಣ್ಣ ಇಲ್ಲಿ ಸಿಟಿಜನ್. ಅವರು ಹಾಕಿದ ಪೆಟಿಷನ್ನು ಹನ್ನೊಂದು ವರ್ಷ ಫೈಲಿನಲ್ಲಿ ಕೊಳೆತು, ಗ್ರೀನ್ ಕಾರ್ಡು ಕೈಗೆ ಬರುವಷ್ಟರಲ್ಲಿ ಈಶಣ್ಣನಿಗೆ ನಲವತ್ತೈದು. ಬಂದವರೇ ಕ್ರ್ಯಾನ್‌ಬರಿಯ ವೇರ್‌ಹೌಸೊಂದರಲ್ಲಿ ಮೂರು ವರ್ಷ ಡಬ್ಬ ಹೊತ್ತರು. ಆಮೇಲೆ ಲೈಸೆನ್ಸ್ ಮಾಡಿಸಿ ಇಲ್ಲಿಯ ಯೂನಿವರ್ಸಿಟಿ ಕ್ಯಾಂಪಸ್ಸಿನ ಬಸ್ಸಿಗೆ ಸೇರಿದರು. "ಅಕ್ಕಾರ, ಡಬ್ಬಿ ಹೊತ್ತದ್ದೇನು ತ್ರಾಸ ಆಗಲಿಲ್ಲ ಬಿಡ್ರಿ. ದಿನಾ ಎಂಟ ತಾಸು ಮನಷ್ಯಾರ ಮಾರಿ ಕಾಣದ ಇರೂದಿತ್ತಲ್ಲ, ಅದು ಭಾಳ ತ್ರಾಸ" ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಬಸ್ಸಿನಲ್ಲಿ ಮುಖಕ್ಕೇನು ಕೊರತೆ? ಹತ್ತುವ ಹುಡುಗರೆಲ್ಲ ಕಿವಿಗೆ ಏನೋ ಸಿಕ್ಕಿಸಿಕೊಂಡು ಹತ್ತುತ್ತಾರೆ, ಇಳಿಯುವಾಗ ಮಾತ್ರ "ಥ್ಯಾಂಕ್ಯೂ" ಅಂತಾರೆ. ಪ್ರತಿ ಥ್ಯಾಂಕ್ಯೂಗೂ ಈಶಣ್ಣ "ಹೂನ್ರಿ" ಅಂತಾರೆ. ಆ ಹುಡುಗರು ಅದನ್ನು ಯಾವ ದೇಶದ ಭಾಷೆ ಅಂದುಕೊಂಡಿದ್ದಾರೋ ದೇವರಿಗೇ ಗೊತ್ತು.

ನಮ್ಮೆಜಮಾನರು ಸುಬ್ಬು ಇವರಿಗೆ ಗಂಟುಬಿದ್ದದ್ದು ಆ ಬಸ್ಸಿನಲ್ಲೇ. ಸುಬ್ಬು ಟೆಲಿಕಾಂ ಇಂಜಿನಿಯರ್. ರಿಟೈರ್ ಆದ ಮೂರನೇ ವಾರಕ್ಕೆ, ಕನ್ನಡದಲ್ಲಿ ಆಕ್ಸ್‌ಫರ್ಡ್ ಊರಿನ ಇತಿಹಾಸ ಬರೀತೀನಿ ಅಂತ ಹೊರಟರು. ಎಲ್ಲರೂ ಟೊಮೆಟೊ ಬೆಳೀತಾರೆ, ಗಾಲ್ಫ್ ಆಡ್ತಾರೆ, ಇವರಿಗೆ ಆಕ್ಸ್‌ಫರ್ಡ್! ಒಂದು ದಿನಕ್ಕೂ ಆ ಊರು ನೋಡಿದವರಲ್ಲ. "ಯಾಕ್ರೀ ಆಕ್ಸ್‌ಫರ್ಡು? ಮೈಸೂರು ಬರೀರಿ, ಹೋಗಲಿ ಪಿಸ್ಕಾಟವೇ ಬರೀರಿ" ಅಂದರೆ ನಕ್ಕುಬಿಟ್ಟರು. ದಿನಾ ಮನೆ ಎದುರಿನ ಸ್ಟಾಪಿನಲ್ಲಿ ಈಶಣ್ಣನ ಬಸ್ಸು ಹತ್ತಿ ಲೈಬ್ರರಿಗೆ ಹೋಗೋದು, ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯೋದು, ಸಂಜೆ ಅದೇ ಬಸ್ಸಲ್ಲಿ ವಾಪಸ್ಸು.

ಮನೆಗೆ ಬಂದು ಓದಿ ಹೇಳೋಕೆ ಬಂದರೆ ನಾನು ಕೇಳ್ತಿರಲಿಲ್ಲ. "ಸಾಕು ಮಾಡ್ರೀ ನಿಮ್ಮ ಆಕ್ಸ್‌ಫರ್ಡು, ಕುಕ್ಕರ್ ಕೂಗಿದ್ದು ಕೇಳಿಸ್ತಿಲ್ಲ" ಅಂತಿದ್ದೆ. ನಿಜ ಹೇಳಲಾ? ಹೊಟ್ಟೆಯುರಿ. ಇತಿಹಾಸ ನನ್ನದು ಕಣ್ರೀ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮೊದಲ ವರ್ಷ ಮುಗಿಸಿದ್ದೆ, ಮಧ್ಯಯುಗದ ವಿದ್ಯಾಪೀಠಗಳು ನನ್ನ ಇಷ್ಟದ ಪೇಪರ್. ಅಷ್ಟರಲ್ಲಿ ಮದುವೆ, ವೀಸಾ, ವಿಮಾನ. ಎರಡನೇ ವರ್ಷ ಅನ್ನೋದು ಅಲ್ಲೇ ಉಳೀತು. ಈಗ ವೈರು ಜೋಡಿಸ್ತಿದ್ದವರೊಬ್ಬರು ನನ್ನ ಸಬ್ಜೆಕ್ಟನ್ನು ಹಾಬಿ ಅಂತ ಎತ್ತಿಕೊಂಡರೆ ಉರಿಯಲ್ವಾ? ನಮ್ಮದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ.

ನಾನು ಕೇಳದ್ದನ್ನು ಈಶಣ್ಣ ಕೇಳಿದರು. ಸುಬ್ಬು ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲೇ ಕೂರುತ್ತಿದ್ದರು. ಬಸ್ಸು ಓಡುವಾಗ ಡ್ರೈವರ್ ಜೊತೆ ಮಾತಾಡಬೇಡಿ ಅಂತ ತಲೆ ಮೇಲೆ ಬೋರ್ಡು. ಇಬ್ಬರೂ ರೂಲ್ಸು ಅಂದರೆ ರೂಲ್ಸು ಅನ್ನೋ ಜನ. ಹಾಗಾಗಿ ಆಕ್ಸ್‌ಫರ್ಡಿನ ಅಷ್ಟೂ ಶತಮಾನ ಕೆಂಪು ಸಿಗ್ನಲ್ಲುಗಳಲ್ಲೇ ನಡೀತು. ಎತ್ತುಗಳು ಹೊಳೆ ದಾಟುವ ಜಾಗ, ಅದಕ್ಕೇ ಆ ಹೆಸರು ಅಂತ ಇವರು ಒಂದು ಸಿಗ್ನಲ್ಲಲ್ಲಿ ಹೇಳಿದರೆ, "ಹಂಗಾರ ನಮ್ಮ ಮಲಪ್ರಭಾದಾಗ ಇಂಥಾ ಆಕ್ಸ್‌ಫರ್ಡ್ ಇಪ್ಪತ್ತ ಅದಾವ್ರಿ ಸರ" ಅಂತ ಅವರು ಮುಂದಿನ ಸಿಗ್ನಲ್ಲಲ್ಲಿ ಉತ್ತರ ಕೊಡ್ತಿದ್ದರು. ಸನ್ಯಾಸಿಗಳ ಮಠದ ಸುತ್ತ ಓದುವ ಹುಡುಗರು ಸೇರಿದ್ದು, ಮುಂದೆ ಒಬ್ಬ ರಾಜ ಯುದ್ಧದ ಖರ್ಚಿಗೆ ಕಾಲೇಜುಗಳ ಬೆಳ್ಳಿ ಪಾತ್ರೆ ಕರಗಿಸಿ ನಾಣ್ಯ ಹೊಡೆಸಿದ್ದು, ಸೈಕಲ್ ರಿಪೇರಿಯವನೊಬ್ಬ ಅದೇ ಊರಿನ ಅಂಚಿನಲ್ಲಿ ಕಾರು ಕಾರ್ಖಾನೆ ಕಟ್ಟಿದ್ದು, ಎಲ್ಲ ಈಶಣ್ಣನಿಗೆ ಬಾಯಿಪಾಠ. ಹತ್ತನೇ ಕ್ಲಾಸಿಗೆ ಓದು ಬಿಟ್ಟವರು ಇವರು. ನಾಲ್ಕು ವರ್ಷದಲ್ಲಿ ಸುಬ್ಬು ಆರು ನೋಟ್‌ಬುಕ್ಕು ಮುಗಿಸಿ ಏಳನೆಯದು ಬರೀತಿದ್ದರು.

ಆ ವರ್ಷ ಆಯುಧಪೂಜೆಯ ದಿನ ಸುಬ್ಬು ಬಸ್ಸಿಳಿಯುವಾಗ ಏಳನೇ ನೋಟ್‌ಬುಕ್ಕನ್ನು ಸೀಟಿನಲ್ಲೇ ಮರೆತರು.

ಈಶಣ್ಣ ಅಮೆರಿಕಕ್ಕೆ ಬಂದರೂ ಆಯುಧಪೂಜೆ ಬಿಟ್ಟವರಲ್ಲ. ಪಾಳಿ ಮುಗಿದ ಮೇಲೆ ಡಿಪೋದಲ್ಲಿ ಯಾರಿಗೂ ಕಾಣದ ಹಾಗೆ ಸ್ಟೀರಿಂಗಿಗೆ ಕುಂಕುಮ ಹಚ್ಚಿ, ಎರಡು ಚೆಂಡುಹೂವು ಇಟ್ಟು ಕೈ ಮುಗೀತಿದ್ದರು. ಅವತ್ತು ಹೂವು ಇಡೋಕೆ ಹೋದರೆ ಸೀಟಿನ ಮೇಲೆ ಕನ್ನಡ ಅಕ್ಷರದ ಪುಸ್ತಕ. ಸರಸ್ವತಿ ತಾನಾಗಿಯೇ ಬಸ್ಸಿಗೆ ಬಂದಳು ಅಂದುಕೊಂಡರಂತೆ. ಡ್ಯಾಶ್‌ಬೋರ್ಡ್ ಮೇಲಿಟ್ಟು ಕುಂಕುಮ ಹಚ್ಚಿದರು, ಹೂವು ಏರಿಸಿದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ಬೆಳಗಿನವರೆಗೆ ಎತ್ತಬಾರದು, ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲೇ ಬಿಟ್ಟು ಮನೆಗೆ ಹೋದರು. ಬಸ್ಸು ತೊಳೆಯುವವರಿಗೆ ಅದು ಹೇಗೆ ಗೊತ್ತಾಗಬೇಕು? ಬಾಡಿದ ಹೂವು, ಕೆಂಪು ಪುಡಿ ಮೆತ್ತಿದ ಹಳೇ ಪುಸ್ತಕ. ಎಲ್ಲ ಸೇರಿಸಿ ಕಸಕ್ಕೆ ಹಾಕಿದರು.

ಮರುದಿನ ಮಧ್ಯಾಹ್ನ ಈಶಣ್ಣ ನಮ್ಮ ಬಾಗಿಲಿಗೆ ಬಂದರು. ಶರ್ಟಿನ ತೋಳೆಲ್ಲ ಕೊಳೆ. ಕಸದ ಲಾರಿಯನ್ನು ಹುಡುಕಿಕೊಂಡು ಅದು ಸುರಿಯುವ ಜಾಗದವರೆಗೂ ಹೋಗಿ ಬಂದಿದ್ದರು. "ನಂದ ತಪ್ಪಾತ್ರಿ ಸರ. ಪೂಜಿಗೆ ಇಟ್ಟದ್ದು ಎತ್ತಬಾರದು ಅಂತ ಬಿಟ್ಟು ಬಂದ್ನಿ" ಅಂತ ನಿಂತರು. ಸುಬ್ಬು ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು, ಆದರೂ ಈಶಣ್ಣನ ಭುಜ ತಟ್ಟಿ, "ಇರಲಿ ಬಿಡಿ, ಮರೆತವನು ನಾನು. ತಲೇಲಿದೆಯಲ್ಲ, ಮತ್ತೆ ಬರೀತೀನಿ" ಅಂದರು.

ನಾನು ಸುಮ್ಮನಿರ್ತೀನಾ? "ಪೂಜೆ ಮಾಡಿ ಕಸಕ್ಕೆ ಹಾಕಿದ್ರಾ! ಪುಸ್ತಕ ಅಂದರೆ ತೆಗೆದು ಓದೋದು ಕಣ್ರೀ, ಹೂವು ಇಟ್ಟು ಕೈ ಮುಗಿಯೋದಲ್ಲ. ನಿಮ್ಮಂಥವರ ಕೈಗೆ ಅಕ್ಷರ ಸಿಕ್ಕರೆ ಆಗೋದೇ ಇದು!" ಅಂದೆ. ನಿಮ್ಮಂಥವರು. ಆ ಮಾತು ನನ್ನ ಬಾಯಿಂದ ಬಂತು. ನಾನೋ, ಆ ಪುಸ್ತಕದ ಒಂದು ಸಾಲು ಓದಿದವಳಲ್ಲ!

ಈಶಣ್ಣ ಪ್ಯಾಂಟಿಗೆ ಕೈ ಒರೆಸಿಕೊಂಡರು. ಜೇಬಿನಿಂದ ಒಂದು ಸಣ್ಣ ಎಲೆಯ ಕಡ್ಡಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. "ಅಕ್ಕಾರ, ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ." ಬನ್ನಿ ಮರ ಇಲ್ಲೆಲ್ಲಿ ಬರಬೇಕು? ನಮ್ಮ ಪಾರ್ಕಿಂಗ್ ಲಾಟಿನಲ್ಲಿ ಹನಿ ಲೋಕಸ್ಟ್ ಅಂತ ಒಂದು ಮರ ಇದೆ, ಅದರ ಎಲೆಯೂ ಹಾಗೇ ಸಣ್ಣ ಸಣ್ಣದು. ಈ ಕಡೆಯ ಉತ್ತರ ಕರ್ನಾಟಕದವರು ಅದನ್ನೇ ಬನ್ನಿ ಅಂತಾರೆ. ಮೈಸೂರಲ್ಲಿ ನಾವು ಬನ್ನಿಮರಕ್ಕೆ ಪೂಜೆ ಮಾಡ್ತೀವಿ, ಹೀಗೆ ಮನೆಮನೆಗೆ ಎಲೆ ಹಂಚೋದು ನಮ್ಮ ಮನೆಯಲ್ಲಿ ಕಂಡದ್ದಲ್ಲ. ಹಬ್ಬದ ದಿನ ಕೊಟ್ಟದ್ದನ್ನು ಬೇಡ ಅನ್ನಬಾರದಲ್ಲ ಅಂತ ತಗೊಂಡು ಬಾಗಿಲು ಹಾಕಿದೆ.

ಎಂಟು ತಿಂಗಳಿಗೆ ಸುಬ್ಬು ಹೋಗಿಬಿಟ್ಟರು. ಮತ್ತೆ ಬರೀತೀನಿ ಅಂದದ್ದು ಬರೆಯಲಿಲ್ಲ. ಡಾಕ್ಟರ್ ಹಾರ್ಟು ಅಂದರು, ನಾನು ನೋಟ್‌ಬುಕ್ಕು ಅಂದೆ. ಉಳಿದ ಆರನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ.

ಈಶಣ್ಣ ಪ್ರತಿ ದಸರೆಗೂ ಬಂದರು. ಅದೇ ಎಲೆ, ಅದೇ ಮಾತು. ಮೊದಲ ಎರಡು ವರ್ಷ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಎಷ್ಟು ದಿನ ಅಂತ ಕೋಪ ಹೊತ್ತುಕೊಂಡು ತಿರುಗೋದು? ಜನವರಿಯಲ್ಲಿ ಸ್ನೋ ಬಿದ್ದ ಬೆಳಗ್ಗೆ ನಾನು ಏಳುವ ಮೊದಲೇ ನನ್ನ ಕಾರಿನ ಸುತ್ತ ಸಲಿಕೆ ಹಾಕಿದ ಗುರುತು ಇರ್ತಿತ್ತು. ಕಣ್ಣಿನ ಆಪರೇಷನ್ ಆದಾಗ ಹದಿನೈದು ದಿನ ಚನ್ನಬಸಮ್ಮನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಾಗಿಲಿಗೇ ಬಂತು. ನಾಲ್ಕನೇ ವರ್ಷಕ್ಕೆ ನನ್ನ ಮನಸ್ಸಲ್ಲಿ ಏನೂ ಉಳಿದಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಎಲೆ ತಗೊಂಡು "ಥ್ಯಾಂಕ್ಸ್ ಈಶಣ್ಣ, ಒಳಗೆ ಬನ್ನಿ, ಕಾಫಿ ಕುಡೀರಿ" ಅಂತಿದ್ದೆ.

ಅವರು ಮಾತ್ರ ಒಳಗೆ ಬರುತ್ತಿರಲಿಲ್ಲ. "ಇರಲಿ ಬಿಡ್ರಿ ಅಕ್ಕಾರ" ಅಂತ ಹೊಸ್ತಿಲಾಚೆಯೇ ಸ್ವಲ್ಪ ಹೊತ್ತು ನಿಂತಿರ್ತಿದ್ದರು, ನನ್ನ ಕೈ ನೋಡ್ತಾ. ಆಮೇಲೆ ತಲೆ ಬಗ್ಗಿಸಿ ಹೊರಟುಬಿಡ್ತಿದ್ದರು. ಸಂಕೋಚದ ಮನುಷ್ಯ, ಸ್ವಭಾವ ಅಂದುಕೊಂಡೆ. ನಾನು ಎಲೆಯನ್ನು ದೇವರ ಮುಂದೆ ಇಟ್ಟು, ಮಾರನೇ ದಿನ ನಿರ್ಮಾಲ್ಯದ ಜೊತೆ ಗಿಡದ ಬುಡಕ್ಕೆ ಹಾಕ್ತಿದ್ದೆ.

ಹೋದ ಅಕ್ಟೋಬರಿನಲ್ಲಿ ಈಶಣ್ಣ ರಿಟೈರ್ ಆಗ್ತಾರೆ ಅಂತ ಸುದ್ದಿ ಬಂತು. ಹೇಳಿದ್ದು ಮೇಲಿನ ಮನೆಯ ದಿಯಾ, ಕ್ಯಾಂಪಸ್ಸಲ್ಲಿ ಓದೋ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ. "ಆಂಟಿ, ದಟ್ ಬಸ್ ಅಂಕಲ್ ಈಸ್ ಲೀವಿಂಗ್! ಹೀ ನೋಸ್ ಎವೆರಿಥಿಂಗ್ ಅಬೌಟ್ ಆಕ್ಸ್‌ಫರ್ಡ್, ಬಟ್ ಓನ್ಲಿ ಅಟ್ ರೆಡ್ ಲೈಟ್ಸ್" ಅಂದಳು. ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು. ಸುಬ್ಬು ಹೋಗಿ ಹತ್ತು ವರ್ಷ ಆದಮೇಲೂ ಆ ಮನುಷ್ಯ ಅದನ್ನೇ ಹೇಳ್ತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಚನ್ನಬಸಮ್ಮನಿಗೆ ಮಂಡಿ ನೋವು, ಮಗಳು ಸುಪ್ರಿಯಾ ಟೆಕ್ಸಾಸಿಗೆ ಕರೆಸಿಕೊಳ್ತಿದ್ದಾಳೆ. ವಿಜಯದಶಮಿಯ ಬೆಳಗ್ಗೆ ಈಶಣ್ಣ ಬಂದರು, ಹನ್ನೆರಡನೇ ಸಲ. ಎಲೆ ಕೊಟ್ಟರು, ಮಾತು ಹೇಳಿದರು. ನಾನು ತಗೊಂಡೆ. "ಟೆಕ್ಸಾಸಿಗೆ ಹೋಗ್ತೀರಂತೆ, ಇವತ್ತಾದರೂ ಒಳಗೆ ಬನ್ನಿ ಮಾರಾಯರೆ" ಅಂದೆ.

ಅವರು ಅಲ್ಲಾಡಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದರು. "ಅಕ್ಕಾರ, ಒಂದ ಮಾತು ಕೇಳಲೇನ್ರಿ? ಸರ ಒಂದ ಕತಿ ಹೇಳಿದ್ರು. ಆಕ್ಸ್‌ಫರ್ಡಿನ್ಯಾಗ ಹುಡುಗರು ದ್ರಾಕ್ಷಿ ದಾರು ಚೊಲೋ ಇಲ್ಲ ಅಂತ ಅಂಗಡ್ಯಾಂವನ ಮಾರಿಗೆ ಉಗ್ಗಿದ್ರಂತ. ಊರಾವರಿಗೂ ಓದೋರಿಗೂ ಮೂರ ದಿನಾ ಬಡದಾಟ. ಹೆಣಾ ಬಿದ್ದುವಂತ. ರಾಜಾ ಊರಾವರದ ತಪ್ಪು ಅಂದ. ಅವತ್ತಿಂದ ವರ್ಷಾ ವರ್ಷಾ ಆ ಊರ ಮೇಯರ್ರು ಬರೇ ತಲೀಲೆ ಚರ್ಚಿಗೆ ನಡಕೋತ ಹೋಗಿ ತಪ್ಪಾತು ಅನ್ನಬೇಕು. ಎಷ್ಟ ವರ್ಷ ಗೊತ್ತೇನ್ರಿ? ನಾಕನೂರಾ ಎಪ್ಪತ್ತು! ಕಡೀಕ ಒಬ್ಬಾಂವ ಇನ್ನ ನಾ ಬರೂದಿಲ್ಲ ಅಂದ, ಅಲ್ಲಿಗೆ ನಿಂತಿತು."

"ಗೊತ್ತು. ಅದಕ್ಕೇನೀಗ?" ಅಂದೆ. ಗೊತ್ತಿತ್ತು ನಿಜ, ನನ್ನ ಎಂ.ಎ. ಪೇಪರಿನಲ್ಲೇ ಇತ್ತು.

"ನಾ ಹಂಗ ಬರೂದಿಲ್ಲ ಅನ್ನಾಂವಲ್ರಿ. ಟೆಕ್ಸಾಸಿಂದ ಪೋಸ್ಟಿನಾಗ ಕಳಸ್ತೇನಿ. ಖರೇ, ನನಗೂ ಅರವತ್ತಾರು ಆತು. ಇನ್ನೆಷ್ಟ ವರ್ಷ ಅಂತ ಒಂದ್ಸಲ ಹೇಳಿಬಿಡ್ರಿ ಅಕ್ಕಾರ."

"ಏನು ಎಷ್ಟು ವರ್ಷ? ಏನು ಹೇಳ್ತಿದ್ದೀರಿ ಈಶಣ್ಣ?"

"ಕ್ಷಮಾ ಮಾಡಾಕ್ರಿ."

ನನಗೆ ತಲೆಬುಡ ತಿಳೀಲಿಲ್ಲ. "ಅಯ್ಯೋ ರಾಮ! ಅದನ್ನ ನಾನು ಯಾವತ್ತೋ ಮರೆತೆನಲ್ರೀ! ಪ್ರತಿ ವರ್ಷ ಎಲೆ ತಗೊಂಡಿಲ್ವಾ?"

"ತಗೊಂಡ್ರಿ. ತಿರಗಿ ಕೊಡಲಿಲ್ಲಲ್ರೀ" ಅಂದರು.

ಆಗ ಬಿಡಿಸಿ ಹೇಳಿದರು. ಅವರ ಮನೆತನದಲ್ಲಿ ತಪ್ಪು ಮಾಡಿದವನು ಬನ್ನಿ ಕೊಡಬೇಕು. ಎದುರಿನವರು ಅದರಿಂದಲೇ ಎರಡು ಎಲೆ ಕಿತ್ತು, ಬಂಗಾರದಂಗ ಇರೋಣ ಅಂತ ತಿರುಗಿ ಕೈಗೆ ಹಾಕಿದರೆ ಲೆಕ್ಕ ಮುಗೀತು. ಹಾಕಲಿಲ್ಲ ಅಂದರೆ ಮನಸ್ಸು ಇನ್ನೂ ಆರಿಲ್ಲ ಅಂತ ಅರ್ಥ. ಅಲ್ಲಿಯವರೆಗೆ ಆ ಮನೆಯ ಹೊಸ್ತಿಲು ದಾಟಬಾರದು, ಆ ವಿಷಯ ಬಾಯಿ ಬಿಡಬಾರದು. ಅವರವ್ವ ಹಾಗೆ ಕಲಿಸಿದ್ದರಂತೆ.

ನಾನು ಪ್ರಸಾದ ಅಂದುಕೊಂಡಿದ್ದೆ ಕಣ್ರೀ! ಪ್ರಸಾದವನ್ನು ಯಾರಾದರೂ ತಿರುಗಿ ಕೊಡ್ತಾರಾ? ಮೈಸೂರಿನವಳು ಮೈಸೂರಲ್ಲೇ ಇದ್ದಿದ್ದರೆ, ಗದಗಿನವರು ಗದಗಿನಲ್ಲೇ ಇದ್ದಿದ್ದರೆ ಇದು ನಡೀತಾನೇ ಇರಲಿಲ್ಲ. ಹನ್ನೊಂದು ಸಲ ಆ ಮನುಷ್ಯ ನನ್ನ ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದರು, ಹನ್ನೊಂದು ಸಲ ಬರಿಗೈಯಲ್ಲಿ ಕಳಿಸಿದೆ. ಮೇಲಿಂದ ಕಾಫಿ ಕುಡೀರಿ ಅಂತ ಬೇರೆ ಕರೆದೆ.

ಅವರು ಕೊಟ್ಟ ಕಡ್ಡಿಯಿಂದಲೇ ಎರಡು ಎಲೆ ಕಿತ್ತು ಅವರ ಅಂಗೈಗೆ ಹಾಕಿದೆ. ಅಕ್ಟೋಬರ್ ಅಲ್ವಾ, ಎಲೆ ನಿಜವಾಗಿಯೂ ಬಂಗಾರದ ಬಣ್ಣಕ್ಕೆ ತಿರುಗಿತ್ತು. "ಬಂಗಾರದ ಹಾಗೆ ಇರೋಣ ಈಶಣ್ಣ" ಅಂದೆ. ಅರವತ್ತಾರು ವರ್ಷದ ಗಂಡಸು, ಆ ಎರಡು ಎಲೆಯನ್ನು ಕಣ್ಣಿಗೊತ್ತಿಕೊಂಡು ಬಾಗಿಲಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಎದುರುಮನೆಯವರು ಬಾಗಿಲು ತೆಗೆದು ನೋಡಿ ಹಾಕಿಕೊಂಡರು, ನೋಡಲಿ ಬಿಡಿ.

ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿದರು. ಲೋಟ ಕೆಳಗಿಟ್ಟು, "ಈಗ ಹೇಳಬಹುದ್ರಿ ಅಕ್ಕಾರ. ಕಳದ ಪುಸ್ತಕದಾಗ ಏನಿತ್ತು ಗೊತ್ತೇನ್ರಿ?" ಅಂದರು.

"ನನಗೇನು ಗೊತ್ತು? ನಾನು ಯಾವತ್ತು ಕೇಳಿದ್ದೆ?"

"ಹೆಣ್ಮಕ್ಕಳ ಕತೀರಿ. ಆಕ್ಸ್‌ಫರ್ಡಿನ್ಯಾಗ ಹೆಣ್ಮಕ್ಕಳು ಓದಿದ್ರು, ಪರೀಕ್ಷಾ ಬರದ್ರು, ಪಾಸಾದ್ರು. ಡಿಗ್ರಿ ಮಾತ್ರ ಕೊಡಲಿಲ್ಲ. ನಲವತ್ತ ವರ್ಷ ಸತಾಯಿಸಿದ್ರು. ಹತ್ತೊಂಬತ್ನೂರಾ ಇಪ್ಪತ್ತರಾಗ ಕೊಡ್ತೇವಿ ಅಂದಾಗ, ಎಷ್ಟೋ ವರ್ಷದ ಹಿಂದ ಓದಿ ಮುಗಿಸಿದ ಹೆಣ್ಮಕ್ಕಳು ಬೆಳ್ಳಗಾದ ಕೂದಲಾ ಕಟ್ಕೊಂಡು ತಿರಗಿ ಬಂದು ತಗೊಂಡು ಹೋದ್ರಂತ. ಸರ ಅದನ್ನ ಓದಿ ಹೇಳೂವಾಗ ಸಿಗ್ನಲ್ ಹಸರಾದದ್ದೂ ನಮಗ ಗೊತ್ತಾಗಲಿಲ್ರಿ. ಹಿಂದಿನ ಕಾರು ಹಾರ್ನ್ ಹೊಡದಾಗ ಎಚ್ಚರಾತು."

ನಾನು ಬಗ್ಗಿ ಅವರ ಖಾಲಿ ಲೋಟ ಎತ್ತಿಕೊಂಡೆ.

"ಮೊದಲನೇ ಪುಟದಾಗ ನಿಮ್ಮ ಹೆಸರಿತ್ರಿ" ಅಂದರು. "ಮನೀಯವಳಿಗೆ ಹೇಳಬ್ಯಾಡ್ರಿ, ಮುಗದ ಮ್ಯಾಲ ನಾನ ಕೊಡ್ತೇನಿ ಅಂದಿದ್ರು. ಅವರು ಹೋದ ಮ್ಯಾಲ ಹೇಳಬೇಕಂತ ಬಾಯಿತನಕಾ ಬರ್ತಿತ್ತು. ಆದ್ರ ಬನ್ನಿ ತಿರಗಿ ಬರದ ಹೆಂಗ ಹೇಳಲಿ? ಕ್ಷಮಾ ಮಾಡಾಕ ಲಂಚಾ ಕೊಟ್ಟಂಗ ಆಗ್ತಿತ್ರಿ."

ಈಶಣ್ಣ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ತಮ್ಮ ಧಾಟಿ ಬಿಟ್ಟು ಸುಬ್ಬು ಮಾತನ್ನು ಸುಬ್ಬು ಮಾತಿನಲ್ಲೇ ಒಪ್ಪಿಸಿದರು. "ರಾಜಿಗೆ. ನಿನ್ನ ಎರಡನೇ ವರ್ಷ ಹೋದದ್ದು ನನ್ನಿಂದ. ಇಷ್ಟನ್ನೂ ನಿನಗೋಸ್ಕರವೇ ಶುರು ಮಾಡಿದೆ, ನೀನು ಓದಿ ತಪ್ಪು ಹುಡುಕಿ ನನ್ನನ್ನು ಬೈಯಬೇಕು ಅಂತ. ಈ ಹೆಂಗಸರು ತಡವಾಗಿಯಾದರೂ ಬಂದರು. ನನ್ನ ಮೇಲಿನ ಕೋಪ ಇಳಿದಿದ್ದರೆ ನೀನೂ ಬಾ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರಲ್ಲ ಅಂತಾರೆ. ಸುಬ್ಬು ನನ್ನ ಹತ್ತಿರ ಕ್ಷಮೆ ಕೇಳಿದ್ದರು. ಮೂವತ್ತು ಚಿಲ್ಲರೆ ವರ್ಷ ನಾನು ಬಾಯಿ ಬಿಟ್ಟು ಹೇಳದ ಸಂಕಟ ಅವರಿಗೆ ಗೊತ್ತಿತ್ತು. ಸಂಜೆ ಸಂಜೆ ನೋಟ್‌ಬುಕ್ಕು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ನಾನು ಕುಕ್ಕರ್ ನೆಪ ಹೇಳ್ತಿದ್ದೆ. ಅವರನ್ನೂ ನಾನು ಬಾಗಿಲಲ್ಲೇ ನಿಲ್ಲಿಸಿದ್ದೆ.

ನಾನು ಎದ್ದು ಹಾಗೇ ಹೊರಗೆ ನಡೆದೆ. ಈಶಣ್ಣ ಗಾಬರಿಯಾಗಿ "ಅಕ್ಕಾರ, ಅಕ್ಕಾರ" ಅಂತ ಹಿಂದೆಯೇ ಬಂದರು. ಪಾರ್ಕಿಂಗ್ ಲಾಟಿನ ಆ ಮರದ ಕೆಳಗೆ ಹೋಗಿ, ಕೈಗೆಟುಕಿದ ರೆಂಬೆಯಿಂದ ಒಂದು ಕಡ್ಡಿ ಮುರಿದೆ. ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ.

"ಈಶಣ್ಣ, ಅವತ್ತು ನಿಮ್ಮಂಥವರು ಅಂದೆನಲ್ಲ, ಅದಕ್ಕೆ. ಹನ್ನೊಂದು ವರ್ಷಕ್ಕೆ. ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ" ಅಂದೆ.

ತಗೊಂಡರು. ಅವರ ಕೈಯನ್ನೇ ನೋಡ್ತಾ ನಿಂತೆ. ಹೀಗೆ ನೋಡ್ತಾ ನಿಲ್ಲೋದು ಅಂದರೆ ಏನು ಅಂತ ಆಗ ಗೊತ್ತಾಯಿತು. ಈಶಣ್ಣ ಎರಡು ಎಲೆ ಕಿತ್ತು ತಕ್ಷಣ ನನ್ನ ಅಂಗೈಗೆ ಹಾಕಿದರು. ಅರ್ಧ ನಿಮಿಷವೂ ಕಾಯಿಸಲಿಲ್ಲ.